ಮರಿಯ ಪಾಲಿನ ಉಪವಾಸ

ಜಾವಗಲ್ಲಿನ ನಮ್ಮ ಮನೆಗೆ ನಾಯಿ ಬಂದ ದಿನ ಅತ್ತೆ ಹಾಕಿದ ಷರತ್ತು ಒಂದೇ: ಅದು ಹೊಸ್ತಿಲು ದಾಟಿ ಒಳಗೆ ಬರಕೂಡದು. ಬೇಲೂರಿನ ಆಚೆ ತೋಟ ಇಟ್ಟುಕೊಂಡಿದ್ದ ನನ್ನ ಯಜಮಾನರ ಸ್ನೇಹಿತರ ಮನೆಯಲ್ಲಿ ಅಲ್ಸೇಷಿಯನ್ ನಾಯಿ ಮರಿ ಹಾಕಿತ್ತು. ಅದರಲ್ಲೊಂದು ಗಂಡು ಮರಿಯನ್ನು ರಟ್ಟಿನ ಡಬ್ಬದಲ್ಲಿಟ್ಟುಕೊಂಡು ನಾವಿಬ್ಬರೂ ಬಸ್ಸಿನಲ್ಲಿ ತಂದೆವು. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ಮದುವೆಯಾಗಿ ನನಗೆ ನಾಲ್ಕು ವರ್ಷವಾಗಿತ್ತು, ಮಕ್ಕಳಿರಲಿಲ್ಲ, ನಾನು ಹಳೇಬೀಡಿನ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತಿದ್ದೆ. ಅತ್ತೆ ಜಗಲಿಯ ಮೇಲೆ ನಿಂತು ಡಬ್ಬದೊಳಗೆ ಇಣುಕಿ, "ಇದೇನು, ಇಲಿ ಹೆಗ್ಗಣ ಇದ್ದಂಗೈತೆ" ಅಂದು ಒಳಗೆ ಹೋದರು.

ಒಂದು ವಾರ ಕಳೆದ ಮೇಲೆ ನಾನು ಶಾಲೆಯಿಂದ ಬಂದಾಗ ಆ ಹೆಗ್ಗಣ ಅತ್ತೆಯ ಮಂಚದ ಕೆಳಗೆ ಅವರ ಹಳೇ ಸೀರೆಯ ಮೇಲೆ ಮಲಗಿತ್ತು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ, "ಅದೇನೂ ಹೊಸ್ತಿಲು ದಾಟ್ಲಿಲ್ಲ ಕಣವ್ವ. ನಾನೇ ಎತ್ಕೊಂಡು ಬಂದೆ" ಅಂದರು. ಷರತ್ತು ಮುರಿದಿಲ್ಲವೆಂದು ಅವರು ಅದನ್ನು ಹೇಳಿದ ಗತ್ತು ನೋಡಬೇಕಿತ್ತು.

ಅದಕ್ಕೊಂದು ಇಂಗ್ಲಿಷ್ ಹೆಸರಿಡಬೇಕೆಂದು ಯಜಮಾನರು ಬಹಳ ತಲೆ ಕೆಡಿಸಿಕೊಂಡರು. ಕೊನೆಗೆ ಎಲ್ಲರ ಬಾಯಲ್ಲೂ ಉಳಿದದ್ದು 'ಮರಿ' ಅಂತಲೇ. ಎಂಟು ತಿಂಗಳಿಗೆ ಅದು ನಿಂತರೆ ನನ್ನ ಸೊಂಟಕ್ಕೆ ಬರುತ್ತಿತ್ತು. ಆಗಲೂ ಮರಿ. ಬೆಳಗ್ಗೆ ಬಿಸಿ ಮುದ್ದೆಯನ್ನು ಹಾಲಿನಲ್ಲಿ ಕಿವುಚಿ ಹಾಕುವುದು, ಮಧ್ಯಾಹ್ನ ಅನ್ನ ಮಜ್ಜಿಗೆ, ಸಂಜೆ ಅಟ್ಟದಿಂದ ಇಳಿಸಿದ ಕೊಬ್ಬರಿಯ ಚೂರು, ರಾತ್ರಿ ಮತ್ತೆ ಮುದ್ದೆ. ಇದರ ನಡುವೆ ಅತ್ತೆ ತಿನ್ನುವ ಯಾವ ವಸ್ತುವಿಗೂ ಅದರ ಪಾಲಿತ್ತು. ಯಜಮಾನರು ಅರಸೀಕೆರೆಯಲ್ಲಿ ಕೊಬ್ಬರಿ ಮಂಡಿ ನಡೆಸುತ್ತಿದ್ದರು. ಮನೆಯ ಅಟ್ಟದಲ್ಲಿ ಕೊಬ್ಬರಿಗೆ ಬರವಿರಲಿಲ್ಲ.

ಹಾಗೆಂದು ಅತ್ತೆ ಎಲ್ಲವನ್ನೂ ಬಿಟ್ಟುಕೊಟ್ಟರು ಅಂದುಕೊಳ್ಳಬೇಡಿ. ಎಂಜಲು ಮಾತ್ರ ಅವರಿಗೆ ಎಂಜಲೇ. ಮರಿಯ ತಟ್ಟೆ ಮುಟ್ಟಿದರೆ ಹುಣಸೆಹಣ್ಣು ಹಾಕಿ ಕೈ ಉಜ್ಜುವರು. ಅದು ಪ್ರೀತಿಯಿಂದ ಅವರ ಕೈ ನೆಕ್ಕಿದರೆ, ಬೈಯುತ್ತಲೇ ಬಚ್ಚಲಿಗೆ ನಡೆಯುವರು. ಅವರ ಕುಡಿಯುವ ನೀರಿನ ಚೊಂಬನ್ನು ನಾನು ಮುಟ್ಟುವುದಕ್ಕೂ ಕೈ ತೊಳೆದಿರಬೇಕಿತ್ತು. ಇನ್ನು ನಾಯಿಯ ಮಾತೇನು!

ಹತ್ತನೇ ತಿಂಗಳಿಗೆ ಮರಿಯ ನಡಿಗೆ ಕೆಟ್ಟಿತು. ಓಡುವಾಗ ಹಿಂಗಾಲು ಎರಡನ್ನೂ ಒಟ್ಟಿಗೆ ಎತ್ತಿ ಮೊಲದ ಹಾಗೆ ಕುಪ್ಪಳಿಸುತ್ತಿತ್ತು. ಮೊದಮೊದಲು ನಾವು ನಕ್ಕೆವು. ಆಮೇಲೆ ಬೆಳಗಿನ ಹೊತ್ತು ಏಳುವುದಕ್ಕೇ ಒದ್ದಾಡತೊಡಗಿತು. ಮುಂಗಾಲು ಊರಿ, ಹಿಂಭಾಗವನ್ನು ಎಳೆದುಕೊಂಡು, ಎರಡು ಸಲ ಕುಸಿದು, ಮೂರನೇ ಸಲಕ್ಕೆ ನಿಲ್ಲುವುದು. ಜಗಲಿಯ ಮೂರು ಮೆಟ್ಟಿಲ ಮುಂದೆ ನಿಂತು ನಮ್ಮ ಮುಖ ನೋಡುವುದು. ಅತ್ತೆ ದೃಷ್ಟಿ ತೆಗೆದರು, ಬಿಸಿ ಎಳ್ಳೆಣ್ಣೆ ತಿಕ್ಕಿದರು. ಏನೂ ಪ್ರಯೋಜನವಾಗಲಿಲ್ಲ.

ಹಳೇಬೀಡಿನ ಪಶು ಆಸ್ಪತ್ರೆಗೆ ಆಗಷ್ಟೇ ಒಬ್ಬ ಹುಡುಗುವಯಸ್ಸಿನ ಡಾಕ್ಟರು ಬಂದಿದ್ದರು. ದಿನವಿಡೀ ಹಸು, ಎಮ್ಮೆ, ಕುರಿ ನೋಡುವ ಅವರಿಗೆ ನಾಯಿ ಕಂಡದ್ದೇ ಖುಷಿಯಾಯಿತು. ಒಂದು ಶುಕ್ರವಾರ ಯಜಮಾನರು ಮರಿಯನ್ನು ಅಲ್ಲಿಗೆ ಕರೆತಂದಿದ್ದರು. ನಾನು ಶಾಲೆ ಬಿಟ್ಟ ಮೇಲೆ ಹೋದೆ. ಡಾಕ್ಟರು ಮರಿಯ ತೊಡೆಯನ್ನು ಹಿಂದಕ್ಕೆ ಎಳೆದಾಗ ಅದು ಕಿರುಚಿಕೊಂಡಿತು. ಅವರು ತಮ್ಮ ಬಲಗೈಯ ಮುಷ್ಟಿಯನ್ನು ಎಡ ಅಂಗೈಯೊಳಗೆ ಕೂರಿಸಿ ತೋರಿಸಿದರು.

"ಸೊಂಟದ ಕೀಲು ಹೀಗೆ ಕೂತಿರಬೇಕು ಮೇಡಂ. ಈ ಜಾತಿ ನಾಯಿಗಳಲ್ಲಿ ಕೆಲವಕ್ಕೆ ಹುಟ್ಟಿನಿಂದಲೇ ಬಟ್ಟಲು ಆಳ ಇರಲ್ಲ, ಗುಂಡು ಜಾರುತ್ತೆ. ಎಷ್ಟು ಜಾರಿದೆ ಅಂತ ಎಕ್ಸ್‌ರೇ ತೆಗೀದೆ ಹೇಳೋಕಾಗಲ್ಲ."

"ಪೂರ್ತಿ ಜಾರಿದ್ದರೆ?"

ಅವರು ಮರಿಯ ಕಿವಿ ಸವರಿದರು. "ಎರಡೂ ಕಡೆ ಪೂರ್ತಿ ಹೋಗಿದ್ದರೆ, ಇನ್ನೊಂದು ವರ್ಷಕ್ಕೆ ಏಳೋದೇ ಕಷ್ಟ. ಆಗ ನೋವು ತಿನ್ನಿಸೋದಕ್ಕಿಂತ ಇಂಜೆಕ್ಷನ್ ಕೊಟ್ಟು ಶಾಶ್ವತವಾಗಿ ಮಲಗಿಸಿಬಿಡೋದು ವಾಸಿ ಅಂತ ನಾನೇ ಹೇಳಬೇಕಾಗುತ್ತೆ."

ಪ್ರಾಣಿಗಳ ಎಕ್ಸ್‌ರೇ ಯಂತ್ರ ನಮ್ಮ ಸುತ್ತಮುತ್ತ ಎಲ್ಲೂ ಇರಲಿಲ್ಲ. ಅರಸೀಕೆರೆಯಲ್ಲಿ ಮನುಷ್ಯರಿಗೆ ಎಕ್ಸ್‌ರೇ ತೆಗೆಯುವವರೊಬ್ಬರು ಯಜಮಾನರಿಗೆ ಪರಿಚಯ. ಭಾನುವಾರ ರೋಗಿಗಳು ಇರುವುದಿಲ್ಲ, ಹಿಂದಿನ ಬಾಗಿಲಿಂದ ತನ್ನಿ, ಯಾರಿಗೂ ಹೇಳಬೇಡಿ ಅಂದರು. ಡಾಕ್ಟರು ತಾವೇ ಬೈಕಿನಲ್ಲಿ ಬಂದು ಮಂಪರಿನ ಇಂಜೆಕ್ಷನ್ ಕೊಡಲು ಒಪ್ಪಿದರು. ಎಚ್ಚರವಿರುವ ನಾಯಿ ಅಂಗಾತ ಮಲಗಿ ಕಾಲು ನೀಡಿಕೊಂಡು ಅಲುಗದೆ ಇರುವುದುಂಟೇ? "ಶನಿವಾರ ರಾತ್ರಿಯಿಂದ ಹೊಟ್ಟೆಗೆ ಏನೂ ಹಾಕಬೇಡಿ. ಈ ಔಷಧಿಗೆ ವಾಂತಿ ಬರೋದುಂಟು. ಮಂಪರಿನಲ್ಲಿ ವಾಂತಿಯಾಗಿ ಶ್ವಾಸಕೋಶಕ್ಕೆ ಹೋದರೆ ಅಲ್ಲೇ ಪ್ರಾಣ ಹೋಗಬಹುದು" ಅಂತ ಎರಡೆರಡು ಸಲ ಹೇಳಿದರು.

ಔಷಧಿಗೆ ತೂಕ ಬೇಕಿತ್ತಲ್ಲ, ಶನಿವಾರ ಮರಿಯನ್ನು ಮಂಡಿಗೆ ಕರೆದೊಯ್ದು ಕೊಬ್ಬರಿ ಚೀಲ ತೂಗುವ ತಕ್ಕಡಿಯ ಮೇಲೆ ನಿಲ್ಲಿಸಿದರಂತೆ. ಹಮಾಲಿ ಮುಳ್ಳು ನೋಡಿ ತೂಕ ಕೂಗಿದವನು, ಅಭ್ಯಾಸಬಲದಿಂದ ಗೋಣಿಚೀಲದ ಒಂದು ಕೆಜಿ ಕಳೆದು ಬರೆಸಿದನಂತೆ. ಯಜಮಾನರು ಇದನ್ನು ಹೇಳಿ ಬಿದ್ದು ಬಿದ್ದು ನಕ್ಕರು. ನನಗೆ ನಗು ಬರಲಿಲ್ಲ. 'ಮಲಗಿಸಿಬಿಡೋದು' ಅನ್ನುವ ಮಾತು ಹಿಂದಿನ ದಿನದಿಂದ ನನ್ನ ಎದೆಯಲ್ಲಿ ಕೂತಿತ್ತು. ಅತ್ತೆಗೆ ಅದನ್ನು ಹೇಳಬಾರದೆಂದು ನಾವಿಬ್ಬರೂ ಮಾತಾಡಿಕೊಂಡಿದ್ದೆವು.

ಆ ಶನಿವಾರ ಸಂಜೆ ನಾನು ಅತ್ತೆಗೆ ಹೇಳಿದ್ದು ಇಷ್ಟೇ: "ನಾಳೆ ಮರಿಗೆ ಎಕ್ಸ್‌ರೇ. ಇವತ್ತು ರಾತ್ರಿಯಿಂದ ಅದು ಉಪವಾಸ ಇರಬೇಕು. ಏನೂ ಕೊಡಬೇಡಿ." ಯಾಕೆ ಅಂತ ಹೇಳಲಿಲ್ಲ. ಹೇಳಹೊರಟರೆ ಮಂಪರಿನ ಮಾತು ಬರುತ್ತದೆ, ಪ್ರಾಣದ ಮಾತು ಬರುತ್ತದೆ, ಅವರು ಅಳುತ್ತಾರೆ, ನಾನೂ ಅಳುತ್ತೇನೆ. ಅದಕ್ಕಿಂತ ಅಪ್ಪಣೆ ಮಾಡಿಬಿಡುವುದು ಸುಲಭ. ಮೇಷ್ಟ್ರ ಕೆಲಸ ಮಾಡುವವರಿಗೆ ಈ ರೋಗ ಬೇಗ ಹತ್ತುತ್ತದೆ. ಅತ್ತೆ ನನ್ನ ಮುಖ ನೋಡಿದರು, ಮರಿಯ ಮುಖ ನೋಡಿದರು. "ಆಯ್ತು ಕಣವ್ವ" ಅಂದರು.

ಶನಿವಾರ ಅವರ ಒಪ್ಪತ್ತಿನ ದಿನ. ಹಗಲೆಲ್ಲ ಏನೂ ತಿನ್ನದೆ ಸಂಜೆ ದೇವರಿಗೆ ದೀಪ ಹಚ್ಚಿ, ಬೆಲ್ಲ ಕಾಯಿ ಕಲಸಿದ ಅವಲಕ್ಕಿ, ಒಂದು ಬಾಳೆಹಣ್ಣು ಫಲಾಹಾರ ಮಾಡುತ್ತಿದ್ದರು. ಅಂದೂ ಅವಲಕ್ಕಿ ಕಲಸಿದ್ದನ್ನು ನಾನು ನೋಡಿದ್ದೆ. ಮರಿಯ ತಟ್ಟೆಯನ್ನು ನಾನೇ ಅಟ್ಟದ ಮೇಲೆ ಬಚ್ಚಿಟ್ಟು, ಬಹಳ ಮುನ್ನೆಚ್ಚರಿಕೆ ವಹಿಸಿದೆನೆಂಬ ಹೆಮ್ಮೆಯಿಂದ ಮಲಗಿದೆ.

ಭಾನುವಾರ ಬೆಳಗ್ಗೆ ಲಗೇಜ್ ಆಟೊ ಬಂತು. ಹಿಂಭಾಗದಲ್ಲಿ ಗೋಣಿಚೀಲ ಹಾಸಿ ಮರಿಯನ್ನು ಮಲಗಿಸಿದೆವು. ಮಂಡಿನೋವಿನ ಅತ್ತೆ, ನಾವು ಎಷ್ಟು ಬೇಡವೆಂದರೂ ಕೇಳದೆ, ನೀರಿನ ಚೊಂಬು ಹಿಡಿದುಕೊಂಡು ಆಟೊ ಹತ್ತಿ ಅದರ ಪಕ್ಕದಲ್ಲೇ ಕೂತರು. "ಅದ್ಕೆ ನಾನು ಕಾಣ್ದಿದ್ರೆ ಹೆದ್ರಿಕೊಳ್ತದೆ" ಅಂದರು. ಬಾಣಾವರ ದಾಟಿ ಅರಸೀಕೆರೆ ಸೇರುವವರೆಗೂ ಮರಿಯ ತಲೆ ಅವರ ತೊಡೆಯ ಮೇಲಿತ್ತು. ಸೆರಗಿನಿಂದ ಅದರ ಮುಖಕ್ಕೆ ಬೀಳುವ ಬಿಸಿಲು ಮರೆಮಾಡಿಕೊಂಡೇ ಬಂದರು.

ಎಕ್ಸ್‌ರೇ ಕೋಣೆ ಚಿಕ್ಕದು. ಯಂತ್ರ ನಡೆಸುವ ಆ ಪರಿಚಯದವರು ಮೇಜಿನ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿದ್ದರು. ಡಾಕ್ಟರು ಸೂಜಿಗೆ ಔಷಧಿ ತುಂಬಿಕೊಳ್ಳುತ್ತಾ ಕೇಳಿದರು.

"ರಾತ್ರಿಯಿಂದ ಏನೂ ತಿಂದಿಲ್ಲ ತಾನೆ?"

"ಒಂದು ಅಗುಳೂ ಇಲ್ಲ ಸರ್" ಅಂದೆ. ಅತ್ತೆ ಮರಿಯ ಬೆನ್ನು ಸವರುತ್ತಿದ್ದರು.

ತೊಡೆಗೆ ಚುಚ್ಚಿದಾಗ ಮರಿ ಒಮ್ಮೆ ತಿರುಗಿ ನೋಡಿತು ಅಷ್ಟೆ. ಎರಡು ಮೂರು ನಿಮಿಷಕ್ಕೆ ಕಾಲು ಸಡಿಲವಾಯಿತು. ತಲೆ ಭಾರವಾಗಿ ಇಳಿಯುವುದು, ಅದು ಕಷ್ಟಪಟ್ಟು ಮತ್ತೆ ಎತ್ತುವುದು, ಮತ್ತೆ ಇಳಿಯುವುದು. ಪಾಠದ ಹೊತ್ತಿನಲ್ಲಿ ತೂಕಡಿಸುವ ನನ್ನ ಕೊನೇ ಬೆಂಚಿನ ಮಕ್ಕಳು ನೆನಪಾಗಿ ಮುದ್ದು ಬಂತು. ಅಷ್ಟರಲ್ಲಿ ಅದರ ಹೊಟ್ಟೆ ಒಳಕ್ಕೆ ಸೆಳೆದುಕೊಂಡಿತು. ಇನ್ನೊಮ್ಮೆ ಸೆಳೆದುಕೊಂಡಿತು. ಆಮೇಲೆ ಪ್ಲಾಸ್ಟಿಕ್ ಹಾಳೆಯ ಮೇಲೆ ಅವಲಕ್ಕಿ, ಕಾಯಿತುರಿ, ಬಾಳೆಹಣ್ಣು ಎಲ್ಲ ಬಂದು ಬಿತ್ತು.

ಡಾಕ್ಟರು ಒಂದೇ ನೆಗೆತಕ್ಕೆ ಅದರ ತಲೆಯನ್ನು ಮೇಜಿನ ಅಂಚಿನಿಂದ ಕೆಳಕ್ಕೆ ಬಾಗಿಸಿದರು. ನಾಲಿಗೆ ಹೊರಗೆಳೆದು, ಬೆರಳಿಗೆ ಬಟ್ಟೆ ಸುತ್ತಿ ಗಂಟಲಿನವರೆಗೂ ಒರೆಸಿದರು. ಮತ್ತೊಂದು ಸಲ ವಾಂತಿಯಾಯಿತು, ಮತ್ತೆ ಒರೆಸಿದರು. ಒಂದು ಗಳಿಗೆ ಮರಿಯ ಎದೆ ಏಳಲೇ ಇಲ್ಲ. ಯಜಮಾನರು ಅದರ ಹೊಟ್ಟೆಯ ಮೇಲೆ ಕೈಯಿಟ್ಟು ಹಾಗೇ ನಿಂತುಬಿಟ್ಟರು. ಆಮೇಲೆ ಒಂದು ಗೊರಗೊರ ಸದ್ದು, ಒಂದು ಉದ್ದನೆಯ ಉಸಿರು. ಡಾಕ್ಟರು ಸ್ಟೆತಸ್ಕೋಪು ಇಟ್ಟು ಬಹಳ ಹೊತ್ತು ಕೇಳಿದರು.

ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ಹೆದರಿಕೆಯಾದರಂತೂ ಅದು ಎರಡರಷ್ಟಾಗುತ್ತದೆ. ಮದುವೆಯಾಗಿ ಬಂದಾಗಿನಿಂದ ಒಂದು ದಿನವೂ ಎದುರಾಡದ ನಾನು, ಹೊರಗಿನವರಿಬ್ಬರ ಮುಂದೆ ಅತ್ತೆಯ ಕಡೆ ತಿರುಗಿ ಕೂಗಿದೆ.

"ಏನೂ ಕೊಡಬೇಡಿ ಅಂತ ಹೇಳಿರಲಿಲ್ವಾ ನಿಮಗೆ? ಒಂದು ಹೊತ್ತು ಬಾಯಿ ಕಟ್ಟೋಕಾಗಲಿಲ್ವಾ? ಕೈಯಾರೆ ಕೊಂದುಬಿಡ್ತಿದ್ರಲ್ಲ ಅತ್ತೆ!"

ಅತ್ತೆ ಗೋಡೆಗೆ ಒರಗಿ ನಿಂತಿದ್ದರು. ಸೆರಗು ಬಾಯಿಗೆ ಹೋಗಿತ್ತು. ಯಜಮಾನರು ನನ್ನನ್ನೂ ಬೈಯಲಾರದೆ, ತಾಯಿಯನ್ನೂ ಸಮಾಧಾನ ಮಾಡಲಾರದೆ ನೆಲ ನೋಡಿದರು. ಡಾಕ್ಟರೇ ಮಾತಾಡಿದರು. "ಬೇಗ ಬಂದದ್ದು ಪುಣ್ಯ. ಪೂರ್ತಿ ಮಂಪರಾದ ಮೇಲೆ ಬಂದಿದ್ದರೆ ಕಷ್ಟವಿತ್ತು. ಎದೆಯಲ್ಲಿ ಸದ್ದು ಚೆನ್ನಾಗಿದೆ, ತೆಗೆಯೋಣ. ನೀವಿಬ್ಬರೂ ಹೊರಗಿರಿ." ಎಕ್ಸ್‌ರೇ ಕಿರಣ ತಾಗದಂತೆ ಹಾಕಿಕೊಳ್ಳುವ ಸೀಸದ ಅಂಗಿ ಎರಡೇ ಇದ್ದವು. ಒಂದನ್ನು ಅವರು, ಇನ್ನೊಂದನ್ನು ಯಜಮಾನರು ತೊಟ್ಟರು.

ಹೊರಗಿನ ಬೆಂಚಿನ ಮೇಲೆ ನಾವಿಬ್ಬರು ಅಕ್ಕಪಕ್ಕ ಕೂತೆವು. ಮರಿಯನ್ನು ಅಂಗಾತ ಮಲಗಿಸಿ, ಎರಡು ಪಕ್ಕಕ್ಕೂ ಮರಳಿನ ಚೀಲ ಒತ್ತರಿಸಿ, ಹಿಂಗಾಲುಗಳನ್ನು ನೇರಕ್ಕೆ ಎಳೆದು ಹಿಡಿಯುವ ಮಾತುಗಳು ಒಳಗಿನಿಂದ ಕೇಳುತ್ತಿದ್ದವು. ಅತ್ತೆಯ ತುಟಿ ಒಣಗಿ ಬಿರುಕು ಬಿಟ್ಟಿತ್ತು. ಅದನ್ನು ನಾನು ಆಗಲೇ ನೋಡಿದ್ದು. ಸಿಟ್ಟು ಇನ್ನೂ ಇಳಿದಿರಲಿಲ್ಲ. ಆದರೂ ಅವರ ಚೊಂಬನ್ನೇ ಎತ್ತಿ, "ನೀರು ಕುಡೀರಿ" ಅಂದೆ.

"ಬ್ಯಾಡ ಕಣವ್ವ. ಅದು ಎದ್ದ ಮ್ಯಾಕೆ."

"ಅದಕ್ಕೆ ಹೊಟ್ಟೆ ತುಂಬ ತಿನ್ನಿಸಿ, ಈಗ ನೀವು ನೀರು ಬಿಟ್ಟರೆ ಏನು ಬಂತು?"

ಅತ್ತೆ ತಮ್ಮ ಕೈ ನೋಡಿಕೊಂಡರು. "ಅದು ನನ್ ಪಾಲಿಂದು. ನಿನ್ನೆ ಫಲಾರಕ್ಕೆ ಕಲಸಿದ್ನಲ್ಲ, ಅದು. ನಾನು ಮುಟ್ಲಿಲ್ಲ. ಹೊರಡೋ ಮುಂಚೆ ಕೊಟ್ಟಿಗೇಲಿ ಅದ್ಕೆ ಹಾಕ್ದೆ."

"ಯಾಕೆ?"

"ಅದು ಉಪವಾಸ ಇರ್ಬೇಕು ಅಂದ್ಯಲ್ಲ. ಅದರ ಉಪವಾಸನೂ ನಾನೇ ಇದೀನಿ. ನೀನು ಹೇಳ್ದಾಗಿಂದ ನೀರೂ ಮುಟ್ಟಿಲ್ಲ." ಆಶ್ಚರ್ಯಪಡುವಂಥದ್ದು ಇದರಲ್ಲೇನಿದೆ ಅನ್ನುವ ಹಾಗೆ ನನ್ನ ಮುಖ ನೋಡಿದರು. "ನಿನ್ ಗಂಡಂಗೆ ಸಣ್ಣೋನಿದ್ದಾಗ ಟೈಫಾಯ್ಡ್ ಬಂದಾಗ್ಲೂ ನಾನೇ ಇದ್ದೆ. ಬಾಯಿಲ್ಲದ ಕೂಸು ಹಸ್ಕೊಂಡಿರಾಕಾಗ್ತದಾ? ಕೂಸಿನ ಉಪವಾಸ ಹೆತ್ತೋರು ಇರ್ತಾರಪ್ಪ."

ಶುಕ್ರವಾರ ರಾತ್ರಿ ಉಂಡ ಆ ಹೆಂಗಸು ಶನಿವಾರವಿಡೀ ಅನ್ನವಿಲ್ಲದೆ, ಸಂಜೆಯಿಂದ ನೀರೂ ಇಲ್ಲದೆ, ಆಟೊದಲ್ಲಿ ಕುಲುಕಾಡಿಕೊಂಡು ಬಂದಿದ್ದರು. ಅವರು ಪೂರ್ತಿ ನಿಟ್ಟುಪವಾಸ ಹಿಡಿದದ್ದು ಮರಿಯ ಲೆಕ್ಕಕ್ಕೆ ಸಂದಿತೆಂದು ಅವರಿಗೆ ಕಿಂಚಿತ್ತೂ ಸಂದೇಹವಿರಲಿಲ್ಲ.

"ವಾಂತಿ ಆಗ್ತದೆ, ಅದು ಉಸಿರಿಗೆ ಹೋಗ್ತದೆ ಅಂತ ಒಂದು ಮಾತು ಹೇಳಿದ್ರೆ ನಾನು ಕೊಡ್ತಿದ್ನೇನವ್ವ?" ಅಂದರು. ದನಿಯಲ್ಲಿ ದೂರು ಇರಲಿಲ್ಲ, ಅದೇ ನನಗೆ ಹೆಚ್ಚು ಚುಚ್ಚಿತು. ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಅನ್ನನಾಳ ಯಾವುದು, ಶ್ವಾಸನಾಳ ಯಾವುದು ಅಂತ ಬೋರ್ಡಿನ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಬರೆದು ತೋರಿಸುವವಳು ನಾನು. ಮನೆಯಲ್ಲಿದ್ದ ಒಬ್ಬ ಮುದುಕಿಗೆ ಹೇಳಲು ನನಗೆ ಪುರುಸೊತ್ತಿರಲಿಲ್ಲ.

"ತಪ್ಪಾಯ್ತು ಅತ್ತೆ" ಅಂದೆ. ಆಮೇಲೆ ಅವರ ಹೆಗಲಿಗೆ ತಲೆಯಿಟ್ಟು ಅತ್ತುಬಿಟ್ಟೆ. ಅವರು ನನ್ನ ತಲೆ ತಡವಿ, "ಅದು ಬದುಕಾಕಿಲ್ಲ ಅಂತ ಹೇಳವ್ರಾ ಡಾಕ್ಟ್ರು? ಎರಡು ದಿನದಿಂದ ನಿಮ್ ಮುಖ ನೋಡ್ತಾ ಇವ್ನಿ" ಅಂತ ಮೆಲ್ಲಗೆ ಕೇಳಿದರು. ಎಲ್ಲವನ್ನೂ ಹೇಳಿದೆ, ಆ 'ಮಲಗಿಸಿಬಿಡೋದು' ಅನ್ನುವುದನ್ನೂ. ಅವರು ಅಳಲಿಲ್ಲ. ನನ್ನ ಕೈ ಹಿಡಿದುಕೊಂಡು ಕೂತರು.

ಬಾಗಿಲು ತೆರೆದಾಗ ಫಿಲ್ಮು ಇನ್ನೂ ಒದ್ದೆಯಾಗಿತ್ತು. ಡಾಕ್ಟರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ನನ್ನನ್ನು ಬಿಟ್ಟು ಅತ್ತೆಯನ್ನೇ ಹತ್ತಿರಕ್ಕೆ ಕರೆದರು. "ನೋಡಿ ಅಮ್ಮ, ಇದು ಒರಳು, ಇದು ಗುಂಡು ಅಂತ ಇಟ್ಕೊಳ್ಳಿ. ಬಲಗಡೆ ಸುಮಾರಾಗಿ ಕೂತಿದೆ. ಎಡಗಡೆ ಒರಳು ಆಳ ಇಲ್ಲ, ಗುಂಡು ಅರ್ಧ ಹೊರಗಿದೆ. ಪೂರ್ತಿ ಬಂದಿಲ್ಲ."

"ಬದುಕ್ತದಾ?"

"ಬದುಕುತ್ತೆ. ಓಡಾಡುತ್ತೆ. ಆದರೆ ಮೈ ಹಗುರ ಇರಬೇಕು. ಆ ಸೊಂಟ ಇಷ್ಟು ಭಾರ ತಡೆಯಲ್ಲ. ಈಗ ಹಾಕೋದರಲ್ಲಿ ಅರ್ಧ ಹಾಕಿ, ಅದು ಇರೋವರೆಗೂ. ಕೊಬ್ಬರಿ ಮಾತ್ರ ಬೇಡವೇ ಬೇಡ."

ನಾವು ಮೂವರೂ ಅತ್ತೆಯ ಮುಖ ನೋಡಿದೆವು. ಹಸಿದವರನ್ನು ನೋಡಲಾರದ ಹೆಂಗಸಿಗೆ ಇದಕ್ಕಿಂತ ಕಹಿಯಾದ ಔಷಧಿ ಯಾವುದಿದ್ದೀತು? ಅವರು ಮಾತ್ರ, "ಬದುಕ್ತದಲ್ಲ, ಸಾಕು" ಅಂದರು.

ಮರಿ ಎಚ್ಚರವಾಗಿ ಎದ್ದು ನಿಲ್ಲುವವರೆಗೆ ನೀರೂ ಕೊಡಬೇಡಿ ಎಂದು ಹೇಳಿ ಡಾಕ್ಟರು ಹೊರಟರು. ಯಾಕೆಂದು ಈ ಸಲ ಅತ್ತೆಗೇ ಬಿಡಿಸಿ ಹೇಳಿದರು. ಹತ್ತಿರದಲ್ಲೇ ಇದ್ದ ಯಜಮಾನರ ಮಂಡಿಗೆ ಹೋಗಿ, ನೆರಳಿನಲ್ಲಿ ಚೀಲದ ಮೇಲೆ ಅದನ್ನು ಮಲಗಿಸಿದೆವು. ಯಜಮಾನರು ಹೋಟೆಲಿನಿಂದ ಇಡ್ಲಿ ತಂದರು. ಅತ್ತೆ ಮುಟ್ಟಲಿಲ್ಲ, ನಾನು ಬಲವಂತ ಮಾಡಲಿಲ್ಲ, ನಾನೂ ತಿನ್ನಲಿಲ್ಲ. ಮಧ್ಯಾಹ್ನ ಎರಡು ಗಂಟೆಯ ಸುಮಾರಿಗೆ ಮರಿಯ ಕಿವಿ ಅಲುಗಿತು. ಆಮೇಲೆ ಬಾಲದ ತುದಿ. ಎದ್ದು ನಿಂತು, ಹೆಂಡ ಕುಡಿದವರ ಹಾಗೆ ನಾಲ್ಕು ಹೆಜ್ಜೆ ಓಲಾಡಿ, ನೇರವಾಗಿ ಅತ್ತೆಯ ಮಡಿಲಿಗೆ ಬಂದು ಬಿತ್ತು. ಡಾಕ್ಟರು ಹೇಳಿದ್ದು ನೆನಪಿಟ್ಟುಕೊಂಡು ಅತ್ತೆ ಅದನ್ನು ಮತ್ತೆ ನಿಲ್ಲಿಸಿ ನೋಡಿದರು. ಅದು ನಿಂತಿತು. ಆಗ ಚೊಂಬು ಬಾಗಿಸಿ ತಮ್ಮ ಬೊಗಸೆಗೆ ನೀರು ಸುರಿಯುವಂತೆ ನನಗೆ ಹೇಳಿದರು. ಮರಿ ಬೊಗಸೆಯಿಂದ ಲೊಚಲೊಚನೆ ಕುಡಿಯಿತು, ಎರಡು ಸಲ. ಮೂರನೇ ಬೊಗಸೆಯ ನೀರನ್ನು, ಕೈ ತೊಳೆಯದೆ, ಅತ್ತೆ ತಾವೇ ಕುಡಿದರು. ತಾವು ಏನು ಮಾಡಿದೆವೆಂದು ಅವರಿಗೆ ಅರಿವಾದಂತೆ ಕಾಣಲಿಲ್ಲ. ನಾನೂ ಹೇಳಲಿಲ್ಲ.

ಮಾರನೆಯ ದಿನದಿಂದ ಮರಿಗೆ ಅರ್ಧ ಮುದ್ದೆ. ಅದು ತಿಂದು ಮುಗಿಸಿ, ತಟ್ಟೆ ನೆಕ್ಕಿ, ಅಡುಗೆಮನೆಯ ಬಾಗಿಲಲ್ಲಿ ಕೂತು ನಾವು ಉಣ್ಣುವುದನ್ನು ನೋಡುತ್ತಿತ್ತು. ಅತ್ತೆ ಒಂದು ತುತ್ತನ್ನೂ ಕದ್ದು ಹಾಕಲಿಲ್ಲ. ಒಂದೆರಡು ತಿಂಗಳಿಗೆ ಅದು ಜಗಲಿಯ ಮೆಟ್ಟಿಲು ಹತ್ತತೊಡಗಿತು. ಅತ್ತೆಯ ಕುಪ್ಪಸ ಸಡಿಲವಾದದ್ದು ಕಂಡಾಗ ನನಗೆ ಅನುಮಾನ ಬಂತು. ಅಂದು ಅವರ ತಟ್ಟೆಯನ್ನು ಗಮನಿಸಿ ನೋಡಿದೆ. ಅದರಲ್ಲೂ ಅರ್ಧ ಮುದ್ದೆಯೇ ಇತ್ತು.

ಈ ಸಲ ನಾನು ಕೂಗಾಡಲಿಲ್ಲ. ಪಕ್ಕದಲ್ಲಿ ಕೂತು ಮೂಳೆ, ಕೀಲು, ಭಾರ, ಕೊಬ್ಬು ಎಲ್ಲವನ್ನೂ ಬಿಡಿಸಿ ಬಿಡಿಸಿ ಹೇಳಿದೆ. ನೀವು ಕಡಿಮೆ ಉಂಡರೆ ಅದರ ಸೊಂಟಕ್ಕೆ ಏನೂ ಆಗುವುದಿಲ್ಲವೆಂದು, ಹಾಳೆಯ ಮೇಲೆ ಚಿತ್ರ ಬರೆದೂ ತೋರಿಸಿದೆ. ಅತ್ತೆ ಕೊನೆಯವರೆಗೂ ಸಮಾಧಾನವಾಗಿ ಕೇಳಿದರು.

"ಅದೆಲ್ಲ ಅವತ್ತೇ ತಿಳೀತು ಕಣವ್ವ" ಅಂದರು. "ಅದ್ಕೆ ಅರ್ಧ ಹಾಕೋದು ಅದರ ಸೊಂಟಕ್ಕೆ. ನಾನು ಅರ್ಧ ಉಣ್ಣೋದು, ಅದು ಬಾಗ್ಲಲ್ಲಿ ಕೂತು ನೋಡ್ತಾ ಇದ್ರೆ ಇನ್ನರ್ಧ ನನ್ ಗಂಟಲಲ್ಲಿ ಇಳಿಯಾಕಿಲ್ಲ, ಅದ್ಕೆ."